ಎಲೆಯಲ್ಲಿ ಸುತ್ತಿದ್ದು

ಹಾಜರ ಯಾರನ್ನೂ ಸುಮ್ಮನೆ ನಂಬಿದವಳಲ್ಲ. ಹಾಲಿನ ಪ್ಯಾಕೆಟ್ಟಿನ ಮೇಲೆ ತಾರೀಕು ಕಣ್ಣಿಗೆ ರಾಚುವಂತೆ ಅಚ್ಚಾಗಿದ್ದರೂ ಮೂಗಿಗೆ ಹಿಡಿದು ನೋಡಿಯೇ ಪಾತ್ರೆಗೆ ಸುರಿಯುವವಳು. ಭಟ್ಕಳದಲ್ಲಿದ್ದಾಗ ಬಂಗುಡೆಯ ಕಿವಿರು ಎತ್ತಿ ನೋಡದೆ ಒಂದು ಮೀನು ಕೊಂಡವಳಲ್ಲ. ಗಂಡ ತೀರಿಕೊಂಡ ಮೇಲೆ ಮಗನ ಜೊತೆ ದುಬೈಗೆ ಬಂದು, ಡಿಸ್ಕವರಿ ಗಾರ್ಡನ್ಸಿನ ಎರಡನೇ ಮಹಡಿಯಲ್ಲಿ ಹನ್ನೊಂದು ವರ್ಷ ಕಳೆದರೂ ಆ ಬುದ್ಧಿ ಒಂದಿಷ್ಟೂ ಮೊಂಡಾಗಿರಲಿಲ್ಲ. ಅಂಥವಳ ಎದುರು ಮಗ ಖುಬೈಬ್ ಒಂದು ಶನಿವಾರ ಬೆಳಗ್ಗೆ ಚಹಾ ಕುಡಿಯುತ್ತಾ, ತಾನೊಂದು ಹುಡುಗಿಯನ್ನು ಮೆಚ್ಚಿದ್ದೇನೆ, ಹೆಸರು ರೊಹಿಮಾ, ವಿಯೆಟ್ನಾಮಿನವಳು, ಹುಟ್ಟಾ ಮುಸಲ್ಮಾನಳು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ.

"ವಿಯೆಟ್ನಾಮಲ್ಲಿ ಮುಸಲ್ಮಾನರು ಎಲ್ಲಿಂದ ಬಂದ್ರು?" ಎಂದಳು ಹಾಜರ.

"ನಾವು ಭಟ್ಕಳಕ್ಕೆ ಎಲ್ಲಿಂದ ಬಂದದ್ದು ಅಮ್ಮಾ? ಸಮುದ್ರದ ಮೇಲೆಯೇ ಅಲ್ವಾ? ಅವರದ್ದೂ ಹಾಗೇ ಹಳೇ ಕಥೆ. ಚಾಮ್ ಅಂತ ಹೇಳ್ತಾರೆ ಅವರಿಗೆ."

ಹಾಜರಳಿಗೆ ಈ ಉತ್ತರ ಗಂಟಲಿನಲ್ಲಿ ಇಳಿಯಲಿಲ್ಲ. ಜುಮೇರಾ ಲೇಕ್ ಟವರ್ಸಿನ ಹಡಗು ಕಂಪನಿಯ ಆಫೀಸಿನಲ್ಲಿ ಕೂತು ಕಾಗದಪತ್ರ ನೋಡುವ ಮಗನಿಗೆ ಯಾರು ಏನು ಹೇಳಿದರೂ ನಂಬುವ ರೋಗವಿದೆ ಎಂದು ಅವಳಿಗೆ ಮೊದಲಿನಿಂದಲೂ ಗುಮಾನಿ. ಹುಡುಗಿ ಅಲ್ ಮುರಕ್ಕಬಾತಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರಿಗೆ ಸಹಾಯಕಿ. ಹಲ್ಲು ತೋರಿಸಲು ಹೋದವನು ಹೃದಯ ಕೊಟ್ಟು ಬಂದಿದ್ದ. ಅವಳು ಮುಸಲ್ಮಾನಳೆಂಬುದಕ್ಕೆ ಸಾಕ್ಷಿ ಏನು? ತಲೆಯ ಮೇಲಿನ ಬಟ್ಟೆಯೇ? ಬಟ್ಟೆಯನ್ನು ಯಾರು ಬೇಕಾದರೂ ಹೊದೆಯಬಹುದು.

ಡೇರಾದಲ್ಲಿ ಬಟ್ಟೆ ವ್ಯಾಪಾರ ಮಾಡುವ ಅಣ್ಣ ಸುಲೈಮಾನರಿಗೆ ಹಾಜರ ಅವತ್ತೇ ಫೋನು ಹಚ್ಚಿದಳು. ಮನೆತನದ ಹಿರಿಯರು ಅವರೇ. ನಿಖಾಹ್‌ಗೆ ಮುಂದೆ ನಿಲ್ಲಬೇಕಾದವರೂ ಅವರೇ. ಅವರು ಕೇಳಿಸಿಕೊಂಡು, "ನೋಡು ಹಾಜರ, ಹುಡುಗಿಯ ದೀನ್ ಧರ್ಮ ಸರಿ ಉಂಟಾ ಅಂತ ನೀನೇ ಹತ್ತಿರದಿಂದ ನೋಡು. ನಿನ್ನ ಕಣ್ಣು ತಪ್ಪಿಸಿ ಇರುವೆಯೂ ಹೋಗೂದಿಲ್ಲ. ನೀನು ಹೂಂ ಅಂದ್ರೆ ನಾನು ದಿನ ಗೊತ್ತು ಮಾಡ್ತೇನೆ. ಊಹೂಂ ಅಂದ್ರೆ ಖಲಾಸ್," ಎಂದರು. ಖುಬೈಬ್ ಕೂಡ ಒಪ್ಪಿದ. "ನೀವು ಬೇಡ ಅಂದ್ರೆ ಬೇಡ ಅಮ್ಮಾ. ಆದ್ರೆ ಮತ್ತೆ ಇನ್ನೊಬ್ಬಳ ಫೋಟೋ ತಂದು ತೋರಿಸಬೇಡಿ," ಎಂದ. ಮೂವತ್ತೆರಡರ ಮಗ ಇದನ್ನು ಕೋಪದಿಂದ ಹೇಳಿದ್ದರೆ ಹಾಜರ ಹೆದರುತ್ತಿರಲಿಲ್ಲ. ತಣ್ಣಗೆ ಹೇಳಿದ್ದರಿಂದ ಹೆದರಿದಳು.

ಹುಡುಗಿ ಮೂರು ಸಲ ಊಟಕ್ಕೆ ಬಂದಳು. ಮೂರು ಸಲವೂ ಹಾಜರ ಅವಳ ಮುಖ ನೋಡಲಿಲ್ಲ, ತಟ್ಟೆ ನೋಡಿದಳು. ಮೊದಲ ಸಲ ಬಿರಿಯಾನಿ. ರೊಹಿಮಾ ಅನ್ನವನ್ನು ಅಂಚಿನಿಂದ ನಾಲ್ಕು ತುತ್ತು ತಿಂದು, ಮಾಂಸದ ತುಂಡುಗಳನ್ನು ಮೂಳೆಯ ಕೆಳಗೆ ಜಾಣತನದಿಂದ ಸರಿಸಿಟ್ಟಳು. ಎರಡನೇ ಸಲ ಕೋಳಿ ಸಾರು. ಸಾರಿಗೂ ಕೈ ಹಚ್ಚದೆ ಮೊಸರು, ಉಪ್ಪಿನಕಾಯಿಯಲ್ಲಿ ಮುಗಿಸಿದಳು. ಮೂರನೇ ಸಲ ಹಾಜರ ಬೇಕೆಂದೇ ಮೀನನ್ನೂ ಮಟನ್ನನ್ನೂ ಎದುರು ಬದುರು ಇಟ್ಟಳು. ಹುಡುಗಿ ಮೀನು ಮಾತ್ರ ತಿಂದಳು, ಅದೂ ಹೊಸ ಬಾಣಲೆಯಲ್ಲಿ ಹುರಿದದ್ದನ್ನು. ಭಟ್ಕಳದ ಮನೆಯಲ್ಲಿ ಹಾಜರಳ ಮಟನ್ ಬೇಡವೆಂದವರು ಇಂದಿನವರೆಗೆ ಒಬ್ಬರೂ ಇರಲಿಲ್ಲ. ಅವಳಿಗೆ ಅವಮಾನವೂ ಆಯಿತು, ಅನುಮಾನಕ್ಕೆ ಒಂದು ಹಿಡಿಯೂ ಸಿಕ್ಕಿತು.

ಇಂಥ ವಿಷಯ ಹೇಳಿಕೊಳ್ಳಲು ಹಾಜರಳಿಗಿದ್ದವಳು ಎದುರು ಮನೆಯ ಜಲಜಾಕ್ಷಿ. ಉಡುಪಿ ಕಡೆಯವಳು, ಮನೆಯಲ್ಲಿ ತುಳು, ಹಾಜರಳ ಜೊತೆ ಕನ್ನಡ. ಹನ್ನೊಂದು ವರ್ಷದಿಂದ ಎರಡು ಮನೆಗಳ ನಡುವೆ ಒಂದು ಸ್ಟೀಲಿನ ಡಬರಿ ಓಡಾಡಿಕೊಂಡಿತ್ತು. ಅವಳು ಪತ್ರೊಡೆ ಹಾಕಿ ಕಳಿಸಿದರೆ ಇವಳು ಬರಿಗೈಯಲ್ಲಿ ವಾಪಸು ಮಾಡುವ ಹಾಗಿಲ್ಲ, ಕೋಳಿ ಸುಕ್ಕ ಹಾಕಿ ಕಳಿಸಬೇಕು. ಆ ಡಬರಿ ನಿಜವಾಗಿ ಯಾರದ್ದೆಂದು ಈಗ ಇಬ್ಬರಿಗೂ ನೆನಪಿಲ್ಲ.

"ಮಾಂಸವೇ ತಿನ್ನೂದಿಲ್ಲ ಅಂದ್ರೆ ಬೌದ್ಧರಿರ್ಬೇಕು ಹಾಜರಮ್ಮ," ಎಂದು ಜಲಜಾಕ್ಷಿ ತೀರ್ಪು ಕೊಟ್ಟಳು. ಆದರೆ ಮರುದಿನವೇ ಆ ತೀರ್ಪು ಬಿದ್ದುಹೋಯಿತು. ಶುಕ್ರವಾರ ಸುಲೈಮಾನ್ ಮಾಮ ಊಟಕ್ಕೆ ಬರುವಾಗ ತಾನೇ ಬಂದು ತನ್ನೂರಿನ ಅಡುಗೆ ಮಾಡುತ್ತೇನೆ, ದನದ ಮಾಂಸವನ್ನು ಎಲೆಯಲ್ಲಿ ಸುತ್ತಿ ಸುಡುವುದು ಎಂದು ರೊಹಿಮಾ ಹೇಳಿ ಕಳಿಸಿದಳು. ಅಂದರೆ ಮಾಂಸ ತಿನ್ನುತ್ತಾಳೆ. ನಮ್ಮ ಮನೆಯದ್ದು ಮಾತ್ರ ತಿನ್ನುವುದಿಲ್ಲ. ಹಾಗಾದರೆ ಅವಳ ನಾಲಿಗೆ ಯಾವ ಮಾಂಸಕ್ಕೆ ಪಳಗಿದೆ?

ಜಲಜಾಕ್ಷಿ ಫೋನಿನಲ್ಲಿ ಹುಡುಕಿ ಒಂದು ವಿಡಿಯೋ ತೆಗೆದಳು. ಹುಲ್ಲಿನ ಟೋಪಿಯ ಹೆಂಗಸೊಬ್ಬಳು ಕೊಚ್ಚಿದ ಮಾಂಸಕ್ಕೆ ಬಿಳಿಯ ತುಂಡುಗಳನ್ನು ಬೆರೆಸುತ್ತಿದ್ದಳು. ಕೆಳಗೆ ಓಡಿದ ಅಕ್ಷರಗಳನ್ನು ಓದಿದ ಜಲಜಾಕ್ಷಿ ಬಾಯಿಗೆ ಕೈ ಅಡ್ಡ ಹಿಡಿದಳು. "ದೇವರೇ! ಹಂದಿ ಕೊಬ್ಬಂತೆ ಹಾಜರಮ್ಮ. ಬರೀ ದನದ್ದಾದ್ರೆ ಒಣಗಿ ಹೋಗ್ತದೆ, ಹಂದಿ ಕೊಬ್ಬು ಹಾಕಿದ್ರೇ ರುಚಿ ಅಂತ ಬರ್ದಿದ್ದಾರೆ."

ದುಬೈಯಲ್ಲಿ ಯಾವ ಅಂಗಡಿಗೆ ಹೋದರೂ ಕಣ್ಣು ಮುಚ್ಚಿ ಮಾಂಸ ಕೊಳ್ಳಬಹುದು. ಹಂದಿಯೇ ಬೇಕೆಂದವರು ದೊಡ್ಡ ಸೂಪರ್ ಮಾರ್ಕೆಟ್ಟಿನ ಹಿಂದಿನ ಮೂಲೆಯಲ್ಲಿ, ಮುಸ್ಲಿಮೇತರರಿಗೆ ಮಾತ್ರ ಎಂದು ಬೋರ್ಡು ಹಾಕಿದ ಕೋಣೆಯನ್ನು ಹುಡುಕಿಕೊಂಡು ಹೋಗಬೇಕು. ಆ ಬೋರ್ಡಿನ ಎದುರು ಟ್ರಾಲಿಯನ್ನು ಹಾಜರ ಯಾವಾಗಲೂ ಓಡಿಸಿಕೊಂಡೇ ದಾಟುತ್ತಿದ್ದಳು. ಈಗ ಆ ಕೋಣೆಯಿಂದ ತಲೆಗೆ ಬಟ್ಟೆ ಹೊದ್ದ ಒಬ್ಬ ಹುಡುಗಿ ಪೊಟ್ಟಣ ಹಿಡಿದು ಹೊರಬರುವ ಚಿತ್ರ ಅವಳ ಕಣ್ಣಿನಿಂದ ಸರಿಯಲೇ ಇಲ್ಲ. ಅಣ್ಣನ ಬಾಯಿಗೆ, ಮಗನ ಬಾಯಿಗೆ, ನಾಳೆ ಮೊಮ್ಮಕ್ಕಳ ಬಾಯಿಗೆ! ಅವಳು ಖುಬೈಬನಿಗೆ ಒಂದೇ ಒಂದು ಷರತ್ತು ಹಾಕಿದಳು. "ಮಾಡಿಕೊಂಡು ಬರೂದು ಬೇಡ. ಇಲ್ಲೇ, ನನ್ನ ಅಡುಗೆಮನೆಯಲ್ಲಿ, ನನ್ನ ಎದುರೇ ಮಾಡ್ಲಿ."

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ರೊಹಿಮಾ ಬಂದಾಗ ಹಾಜರ ಬಾಗಿಲಲ್ಲೇ ಚೀಲಗಳನ್ನು ಎಣಿಸಿದಳು. ಮೂರು. ಮೊದಲನೆಯದರಲ್ಲಿ ಎಲೆಗಳು ಮತ್ತು ಸೊಪ್ಪು. ಎರಡನೆಯದರಲ್ಲಿ ಚೂರಿ, ಮರದ ಹಲಗೆ, ಕಬ್ಬಿಣದ ಕಾವಲಿ, ಎಣ್ಣೆ, ಕೊನೆಗೆ ಪಾತ್ರೆ ತೊಳೆಯುವ ಹೊಸ ಸ್ಪಂಜು ಕೂಡ. ಮೂರನೆಯದನ್ನು ಅವಳು ಬಿಚ್ಚದೆ ಮೂಲೆಗಿಟ್ಟಳು. ಚೂರಿ, ಕಾವಲಿ ಇಲ್ಲದ ಮನೆಯೇ ಇದು? ಹಾಜರ ಹಲ್ಲು ಕಚ್ಚಿ ನಕ್ಕಳು. ತನ್ನ ಕಸಾಯಿಯಿಂದ ಹಿಂದಿನ ದಿನವೇ ತಂದಿಟ್ಟಿದ್ದ ಎರಡು ಕಿಲೋ ಮಾಂಸವನ್ನು ತೆಗೆದು ಹುಡುಗಿಯ ಮುಂದಿಟ್ಟು, "ಇದು ತಕೋ, ಒಳ್ಳೆ ಭುಜದ ಮಾಂಸ," ಎಂದಳು. ಅವಳು ಆಡಿದ್ದು ಹಿಂದಿಯಲ್ಲಿ. ಕ್ಲಿನಿಕ್ಕಿಗೆ ಬರುವವರಿಂದ ಕಲಿತ ಹರಕು ಮುರುಕು ಹಿಂದಿ ಹುಡುಗಿಗೂ ಬರುತ್ತಿತ್ತು.

"ಶುಕ್ರಿಯಾ ಆಂಟಿ," ಎಂದು ರೊಹಿಮಾ ಎರಡೂ ಕೈಗಳಿಂದ ಅದನ್ನು ತೆಗೆದುಕೊಂಡು, ಅಷ್ಟೇ ಭಕ್ತಿಯಿಂದ ವಾಪಸು ಫ್ರಿಜ್ಜಿನೊಳಗೆ ಇಟ್ಟಳು. ಆಮೇಲೆ ಮೂಲೆಯ ಚೀಲದಿಂದ ತನ್ನ ಮಾಂಸ ತೆಗೆದಳು.

ಸಾಕ್ಷಿ ಸಿಕ್ಕಿತು ಎಂದುಕೊಂಡಳು ಹಾಜರ.

ಅವಳು ಸ್ಟೂಲು ಎಳೆದುಕೊಂಡು ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿಯೇ ಕೂತಳು. ರೊಹಿಮಾ ಮಾಂಸವನ್ನು ಯಂತ್ರಕ್ಕೆ ಹಾಕದೆ ಚೂರಿಯಿಂದ ಸಣ್ಣಗೆ ಕೊಚ್ಚಿದಳು. ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಮಜ್ಜಿಗೆಹುಲ್ಲಿನ ಬುಡದ ಬಿಳಿ ಭಾಗ, ಒಂದಿಷ್ಟು ಅರಿಸಿನ, ಮೆಣಸು. ಬಾಟಲಿಯಿಂದ ಮೀನಿನ ಸಾರದಂಥ ಕಂದು ನೀರನ್ನು ನಾಲ್ಕು ಚಮಚ ಸುರಿದಾಗ ಹಾಜರ ಎದ್ದು ಹೋಗಿ ಬಾಟಲಿ ಮೂಸಿ ಬಂದಳು. ಒಣಮೀನಿನ ಮಡಕೆಯ ವಾಸನೆ, ಅದರಲ್ಲಿ ಮೋಸವಿರಲಿಲ್ಲ. ಎಲೆಗಳನ್ನು ಹುಡುಗಿ ಒಂದೊಂದಾಗಿ ಒರೆಸಿ ಹರಡಿದಳು. ದೂರದಿಂದ ವೀಳ್ಯದೆಲೆಯಂತೆಯೇ ಇದ್ದವು. ಹಾಜರ ಒಂದನ್ನು ಎತ್ತಿ ಉಗುರಿನಿಂದ ಚಿವುಟಿದಳು. ವೀಳ್ಯವಲ್ಲ, ಅದಕ್ಕಿಂತ ತೆಳು, ಕಾಳುಮೆಣಸಿನ ಬಳ್ಳಿಯ ಘಾಟು.

ಕೆಲಸ ಮಾತ್ರ ಚೊಕ್ಕ, ಅದನ್ನು ಹಾಜರಳೂ ಒಪ್ಪಿಕೊಂಡಳು. ಎಲೆಯ ಹೊಳೆಯುವ ಮೈ ಕೆಳಗೆ, ಮಾಸಲು ಮೈ ಮೇಲೆ. ಅದರ ಮೇಲೆ ಬೆರಳು ಗಾತ್ರದ ಮಾಂಸ. ತುದಿಯಿಂದ ಬಿಗಿಯಾಗಿ ಸುರುಳಿ ಸುತ್ತಿ, ಕೊನೆಗೆ ಎಲೆಯ ತೊಟ್ಟನ್ನೇ ಸುರುಳಿಯೊಳಗೆ ಚುಚ್ಚಿದರೆ ದಾರವೂ ಬೇಡ, ಕಡ್ಡಿಯೂ ಬೇಡ. ಇಂಥ ಕೈಯ ಸೊಸೆ ಬಂದರೆ ಪತ್ರೊಡೆ ಸುತ್ತುವುದರಲ್ಲಿ ಜಲಜಾಕ್ಷಿಯನ್ನೂ ಸೋಲಿಸುತ್ತಾಳೆ ಎಂದು ಮನಸ್ಸು ಒಂದು ಗಳಿಗೆ ಮೆತ್ತಗಾಯಿತು. ಮೂರು ಸುರುಳಿ ಸುತ್ತಿದ ಹುಡುಗಿ ತಲೆಯಾಡಿಸಿ, ಮೂಲೆಯ ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದಳು. ಒಳಗೆ ಅಚ್ಚ ಬಿಳಿಯ ಕೊಬ್ಬಿನ ಗಡ್ಡೆ. ಹಾಜರಳ ಮೆತ್ತಗಾದ ಮನಸ್ಸು ಮತ್ತೆ ಕಲ್ಲಾಯಿತು.

"ಇದು ಎಂತದ್ದು?"

"ಕೊಬ್ಬು ಆಂಟಿ. ಹಾಕದಿದ್ದರೆ ಒಣಗುತ್ತೆ."

ವಿಡಿಯೋದಲ್ಲಿ ಬರೆದಿದ್ದ ಮಾತೇ! ಅಷ್ಟರಲ್ಲಿ ಎಲ್ಲೋ ಬಾಂಗು ಕೇಳಿಸಿತು. ಖುಬೈಬ್ ಮತ್ತು ಸುಲೈಮಾನ್ ಜುಮಾ ನಮಾಜಿಗೆ ಮಸೀದಿಯಲ್ಲಿ ಸೇರಿ ಅಲ್ಲಿಂದ ಒಟ್ಟಿಗೆ ಬರುವವರಿದ್ದರು. ಹುಡುಗಿ ಕೈಕಾಲು ಮುಖ ತೊಳೆದು ವುಜೂ ಮಾಡಿ, ಒಳಕೋಣೆಗೆ ನಮಾಜಿಗೆ ಹೋದಳು. ಇದೂ ತೋರಿಕೆಗೋ ಎಂದುಕೊಂಡ ಹಾಜರ, ಅವಳು ಬಾಗಿಲು ಎಳೆದುಕೊಂಡದ್ದೇ ತಡ, ಪೊಟ್ಟಣಕ್ಕೆ ಮೂಗು ಒಡ್ಡಿದಳು.

ಆಗ ಅವಳಿಗೆ ಒಂದು ದೊಡ್ಡ ತೊಡಕು ಎದುರಾಯಿತು. ಹಂದಿಯ ವಾಸನೆ ಹೇಗಿರುತ್ತದೆ? ಅರವತ್ತು ವರ್ಷ ಹಂದಿಯಿಂದ ದೂರ ಓಡಿದ ಮೂಗಿಗೆ ಅದರ ಗುರುತು ಸಿಗುವುದಾದರೂ ಎಲ್ಲಿಂದ? ಹಾಲಿನ ಹುಳಿ, ಮೀನಿನ ಹಳಸಲು, ಸುಳ್ಳಿನ ಘಾಟು ಎಲ್ಲವನ್ನೂ ಹಿಡಿಯುವ ಮೂಗು ಇಲ್ಲಿ ಪೆಚ್ಚಾಗಿ ನಿಂತಿತು. ಹಾಜರ ಚಪ್ಪಲಿಯನ್ನೂ ಮೆಟ್ಟದೆ ಎದುರು ಮನೆಗೆ ಓಡಿ ಜಲಜಾಕ್ಷಿಯನ್ನು ಕೈ ಹಿಡಿದು ಎಳೆತಂದಳು.

"ಇದನ್ನೊಂದು ಮೂಸಿ ನೋಡು ಜಲಜ. ಹಂದಿಯಾ ಅಲ್ವಾ?"

"ನನಗೆ ಹೇಗೆ ಗೊತ್ತು ಮಾರಾಯ್ರೆ!" ಎಂದ ಜಲಜಾಕ್ಷಿ, ಹಾಜರಳ ಮುಖ ನೋಡಿ ದನಿ ತಗ್ಗಿಸಿದಳು. "ನಮ್ಮ ಯಜಮಾನರ ಹತ್ರ ಹೇಳ್ಬೇಡಿ ಆಯ್ತಾ? ಕಾರ್ಕಳದಲ್ಲಿ ನಮ್ಮ ಕ್ರಿಶ್ಚಿಯನ್ ಗೆಳತಿ ಲೂರ್ದ್ ಬಾಯಿಯ ಮಗಳ ಮದುವೆಗೆ ಹೋಗಿದ್ದೆ ಅಲ್ವಾ... ಒತ್ತಾಯ ಮಾಡಿದ್ರು. ಒಂದು ತುಂಡು ತಿಂದಿದ್ದೇನೆ. ಆದ್ರೆ ಅದು ಮಸಾಲೆ ಹಾಕಿ ಬೇಯಿಸಿದ್ದು." ಅವಳು ಬಾಗಿ ಪೊಟ್ಟಣ ಮೂಸಿದಳು. ಹಾಜರಳೂ ಇನ್ನೊಂದು ಕಡೆಯಿಂದ ಮೂಸಿದಳು. "ಹಸಿಯಲ್ಲಿ ಎಲ್ಲಾ ಕೊಬ್ಬೂ ಒಂದೇ ನಾತ ಹಾಜರಮ್ಮ. ಒಂಚೂರು ಹುರಿದ್ರೆ ಗೊತ್ತಾದೀತು."

ತಲೆ ಎತ್ತಿದಾಗ ರೊಹಿಮಾ ಬಾಗಿಲಲ್ಲಿ ನಿಂತಿದ್ದಳು.

ಇಬ್ಬರು ಹೆಂಗಸರು ಒಂದು ಕೊಬ್ಬಿನ ಗಡ್ಡೆಗೆ ಮೂಗು ಹಚ್ಚಿ ನಿಂತದ್ದರ ಅರ್ಥ ತಿಳಿಯಲು ಕನ್ನಡ ಬರಬೇಕಾಗಿಲ್ಲ. ಹುಡುಗಿಯ ಮುಖ ಕಿವಿಯವರೆಗೆ ಕೆಂಪಾಯಿತು. ಅವಳು ಕೂಗಾಡಲಿಲ್ಲ. ಒಲೆಯ ಪಕ್ಕಕ್ಕೆ ಬಂದು, ಪೊಟ್ಟಣವನ್ನು ತನ್ನ ಕಡೆಗೆ ಎಳೆದುಕೊಂಡು, ತನಗೆ ಬಂದ ಹಿಂದಿಯಲ್ಲಿ ನಿಧಾನವಾಗಿ ಮಾತಾಡಿದಳು.

"ಇದು ದನದ್ದು ಆಂಟಿ. ನಿನ್ನೆ ರಜೆ ಹಾಕಿ ಕುಸೈಸಿನ ಕಸಾಯಿಖಾನೆಗೆ ಹೋಗಿದ್ದೆ. ಕೊಯ್ಯುವುದನ್ನು ನಿಂತು ನೋಡಿದೆ. ನಮ್ಮೂರು ನದಿ ದಡದಲ್ಲಿ. ನಮ್ಮದು ನಲವತ್ತು ಮನೆ, ಸುತ್ತಲೂ ಎಲ್ಲರೂ ಹಂದಿ ತಿನ್ನುವವರು. ಇದೇ ಎಲೆ, ಇದೇ ಅಡುಗೆ, ಅವರು ಹಂದಿ ಕೊಬ್ಬು ಹಾಕುತ್ತಾರೆ, ನಮ್ಮಮ್ಮ ದನದ್ದು ಹಾಕುತ್ತಾಳೆ. ಊರಿಗೆಲ್ಲ ಕೊಯ್ಯುವವರು ನನ್ನಪ್ಪ. ನೀನು ಕಣ್ಣಾರೆ ಕಾಣದ ಮಾಂಸ ತಿನ್ನಬೇಡ ಅಂತ ಹೇಳಿ ವಿಮಾನ ಹತ್ತಿಸಿದರು."

"ಹಾಗಾದ್ರೆ ನಮ್ಮ ಮನೆಯ ಮಾಂಸಕ್ಕೆ ಎಂತ ಆಗಿತ್ತು? ನಾನು ಮುಸಲ್ಮಾನಳಲ್ವಾ?" ಎಂದು ಹಾಜರ ಸೊಂಟಕ್ಕೆ ಕೈ ಇಟ್ಟಳು. ಸಿಕ್ಕಿಬಿದ್ದ ನಾಚಿಕೆಗೆ ಅವಳಿಗೆ ಜೋರು ದನಿಯೇ ಮದ್ದು.

ರೊಹಿಮಾ ತಲೆ ತಗ್ಗಿಸಿದಳು. "ಮಾಫ್ ಮಾಡಿ. ಮೊದಲ ದಿನ ಈ ಆಂಟಿ ಒಂದು ಪಾತ್ರೆ ತಂದರು. ನೀವು ಅದನ್ನು ಖಾಲಿ ಮಾಡಿ ಅದಕ್ಕೇ ಕೋಳಿ ಹಾಕಿ ಕೊಟ್ಟಿರಿ. ಇನ್ನೊಂದು ದಿನ ಬಂದಾಗ ಅದೇ ಪಾತ್ರೆ ನಿಮ್ಮ ಒಲೆಯ ಮೇಲಿತ್ತು, ಅದರಲ್ಲಿ ನೀವು ಸಾರು ಬಿಸಿ ಮಾಡುತ್ತಿದ್ದಿರಿ. ಆ ಮನೆಯಲ್ಲಿ ಏನು ಬೇಯಿಸುತ್ತಾರೋ ನನಗೆ ಗೊತ್ತಿಲ್ಲ. ನಮ್ಮೂರಲ್ಲಿ ಪಾತ್ರೆ ಹೀಗೆ ಹೋಗಿ ಬರುವ ಮನೆಯಲ್ಲಿ ಅಪ್ಪ ನೀರನ್ನೂ ಮುಟ್ಟುವುದಿಲ್ಲ. ಇವರು ನಿಜವಾಗಿ ಮುಸಲ್ಮಾನರಾ ಅಂತ ಖುಬೈಬನ ಹತ್ತಿರ ಎರಡು ಸಲ ಕೇಳಿದೆ."

ಹಾಜರ ಸೊಂಟದ ಮೇಲಿನ ಕೈ ತೆಗೆದಳು. ತನ್ನ ಅಡುಗೆಮನೆಯ ಮೇಲೆ ಅನುಮಾನ! ಐದು ಹೊತ್ತು ನಮಾಜು ತಪ್ಪಿಸದ, ಹಜ್ ಮಾಡಿ ಬಂದ ತನ್ನ ಮೇಲೆ! ಈ ಚೂರಿ, ಈ ಹಲಗೆ, ಈ ಸ್ಪಂಜು ಎಲ್ಲವೂ ತನ್ನ ಹೊಲಸಿನಿಂದ ಪಾರಾಗಲು! ಸಿಟ್ಟು ನೆತ್ತಿಗೇರಿತು. ಆದರೆ ಅನುಮಾನದ ಹುಳಕ್ಕೆ ಸಿಟ್ಟೂ ಅಡ್ಡಿಯಾಗುವುದಿಲ್ಲ. ಲೂರ್ದ್ ಬಾಯಿಯ ಮಗಳ ಮದುವೆಯ ಆ ಒಂದು ತುಂಡು ಅವಳ ತಲೆಯಲ್ಲಿ ತಿರುಗತೊಡಗಿತು. ಒಂದೇ ತುಂಡೋ? ಕಾರ್ಕಳದಲ್ಲಿ ಮಾತ್ರವೋ? ತಡೆಯುವ ಮೊದಲೇ ಬಾಯಿಂದ ಮಾತು ಬಿತ್ತು.

"ಜಲಜ, ಆ ಡಬರಿಯಲ್ಲಿ ನೀನು ಯಾವತ್ತಾದ್ರೂ ಅದನ್ನು..."

ಜಲಜಾಕ್ಷಿ ತಿರುಗಿ ಅವಳನ್ನು ನೋಡಿದಳು. ಯಾವಾಗಲೂ ಅರಳಿಕೊಂಡಿರುವ ಆ ಮುಖ ಹೀಗೂ ಆಗುತ್ತದೆಂದು ಹಾಜರಳಿಗೆ ಗೊತ್ತಿರಲಿಲ್ಲ.

"ಇಲ್ಲ ಹಾಜರಮ್ಮ," ಎಂದಳು. "ನಾನು ದನ ತಿನ್ನೂದಿಲ್ಲ, ನಿಮಗೆ ಗೊತ್ತುಂಟು. ನಿಮ್ಮ ಮನೆಯಲ್ಲಿ ವಾರಕ್ಕೆರಡು ಸಲ ದನ ಬೇಯ್ತದೆ, ಅದು ನನಗೂ ಗೊತ್ತುಂಟು. ಹನ್ನೊಂದು ವರ್ಷ ನೀವು ಕೋಳಿ ಅಂದ್ರೆ ಕೋಳಿ ಅಂತ ತಿಂದಿದ್ದೇನೆ, ಕುರಿ ಅಂದ್ರೆ ಕುರಿ ಅಂತ ತಿಂದಿದ್ದೇನೆ. ಒಂದು ದಿವಸ ಮೂಸಿ ನೋಡ್ಲಿಲ್ಲ. ಪಾತ್ರೆ ತೊಳ್ದಿದ್ದೀರಾ ಅಂತ ಕೇಳ್ಲಿಲ್ಲ."

ಹೇಳಿ ಅವಳು ಬಾಗಿಲ ಕಡೆ ತಿರುಗಿದಳು. ಹಾಜರ ಅವಳ ಮುಂಗೈ ಹಿಡಿದಳು. ಬಿಡದೆ ಹಿಡಿದುಕೊಂಡೇ ನಿಂತಳು. ಅವಳಿಗೆ ನಾಚಿಕೆಯಾಗಿತ್ತು. ಕದ್ದು ಪೊಟ್ಟಣ ಮೂಸಿದ್ದಕ್ಕಲ್ಲ. ಹನ್ನೊಂದು ವರ್ಷದಲ್ಲಿ ಈ ಹೆಂಗಸು ತನ್ನ ಮೇಲಿಟ್ಟದ್ದು ಎಷ್ಟು ದೊಡ್ಡದೆಂದು ತನಗೆ ಇವತ್ತಿನವರೆಗೆ ಹೊಳೆಯಲೇ ಇಲ್ಲವಲ್ಲ ಎಂಬುದಕ್ಕೆ.

"ತಪ್ಪಾಯ್ತು ಜಲಜ," ಎಂದಳು ಕೊನೆಗೆ. ಈ ಎರಡು ಶಬ್ದಗಳನ್ನು ಹಾಜರ ಗಂಡನಿಗೂ ಹೇಳಿದವಳಲ್ಲ.

ಅವರೇನು ಹೇಳಿದರು ಎಂದು ರೊಹಿಮಾ ಮೆಲ್ಲಗೆ ಕೇಳಿದಳು. ಜಲಜಾಕ್ಷಿಯೇ ಕಣ್ಣೊರೆಸಿಕೊಂಡು ಹಿಂದಿಯಲ್ಲಿ ಹೇಳಿದಳು, ಒಂದಕ್ಷರ ಬಿಡದೆ. ಹುಡುಗಿ ಕೇಳಿಸಿಕೊಂಡು ಹಲಗೆಯ ಮೇಲಿನ ಎಲೆಗಳನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಒಂದು ತಟ್ಟೆ ತೆಗೆದುಕೊಂಡಳು. ಹಾಜರಳದ್ದೇ ತಟ್ಟೆ. ಒಲೆಯ ಹಿಂದೆ ಹಾಜರ ಬೆಳಗ್ಗೆಯೇ ಮಾಡಿ ಮುಚ್ಚಿಟ್ಟಿದ್ದ ಮಟನ್ನಿನ ಮುಚ್ಚಳ ಸರಿಸಿ, ಒಂದು ತುಂಡು ಹಾಕಿಕೊಂಡು, ಬಿಸ್ಮಿಲ್ಲಾ ಎಂದು ಬಾಯಿಗಿಟ್ಟಳು. ಔಷಧಿ ತಿನ್ನುವವಳ ಹಾಗೆ ಮೊದಲು ಅಗಿದಳು. ನುಂಗಿದ ಮೇಲೆ ಇನ್ನೊಂದು ತುಂಡು ಹಾಕಿಕೊಂಡಳು.

ಆಮೇಲೆ ಮೂವರೂ ಕೆಲಸಕ್ಕೆ ಇಳಿದರು. ರೊಹಿಮಾ ಕೊಬ್ಬನ್ನು ಕಾಳಿನಷ್ಟು ಸಣ್ಣಗೆ ಹೆಚ್ಚಿ ಮಾಂಸಕ್ಕೆ ಕಲಸಿದಳು. ಹಾಜರ ಎಲೆ ಒರೆಸಿ ಕೊಟ್ಟಳು. ಜಲಜಾಕ್ಷಿ ಮಾಂಸ ಮುಟ್ಟದೆ ಶೇಂಗಾ ಹುರಿದು ಕುಟ್ಟಿದಳು. ಅವಳಿಗೆಂದು ಹುಡುಗಿ ಫ್ರಿಜ್ಜಿನಿಂದ ಸಿಗಡಿ ತೆಗೆದು, ಕೈಯನ್ನೂ ಚೂರಿಯನ್ನೂ ತೊಳೆದು, ಬೇರೆಯೇ ನಾಲ್ಕು ಸುರುಳಿ ಸುತ್ತಿ, ಹಾಜರಳ ಕಾವಲಿಯಲ್ಲಿ ಬೇರೆಯಾಗಿ ಸುಟ್ಟಳು. ಜಲಜಾಕ್ಷಿ ಯಾವ ಕಾವಲಿ ಎಂದು ಕೇಳದೆ ತಿಂದಳು. ದನದ ಸುರುಳಿಗಳು ರೊಹಿಮಾಳ ಕಾವಲಿಯ ಮೇಲೆ ಸೀದು, ಎಲೆಯ ಅಂಚು ಕಪ್ಪಾಗಿ, ಒಳಗಿನ ಕೊಬ್ಬು ಕರಗಿ ಚಟಪಟ ಎನ್ನತೊಡಗಿದಾಗ ಕಾಳುಮೆಣಸಿನ ಘಮ ಮನೆಯಿಡೀ ತುಂಬಿತು. ಹಾಜರ ಇನ್ನೂ ಒಂದನ್ನೂ ಬಾಯಿಗಿಟ್ಟಿರಲಿಲ್ಲ. ಕೈ ಮುಂದೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಕುಸೈಸಿಗೆ ಹೋದದ್ದಕ್ಕೆ ಸಾಕ್ಷಿ ಏನು ಎಂದು ಒಳಗಿನ ಹುಳ ಇನ್ನೂ ಕೊರೆಯುತ್ತಲೇ ಇತ್ತು. ಹುಟ್ಟುಗುಣ, ಒಂದು ಮಧ್ಯಾಹ್ನಕ್ಕೆ ಹೋಗುವಂಥದ್ದಲ್ಲ.

ಒಂದೂವರೆಗೆ ಬಾಗಿಲು ತೆರೆಯಿತು. ಬಿಳಿ ಜುಬ್ಬಾ ತೊಟ್ಟ ಸುಲೈಮಾನ್ ಮುಂದೆ, ಹಿಂದೆ ಬಣ್ಣಗೆಟ್ಟ ಮುಖದ ಖುಬೈಬ್. ರೊಹಿಮಾ ಸಲಾಂ ಹೇಳಿ, ಎಲ್ಲರೂ ಕೂತ ಮೇಲೆ ತಟ್ಟೆಯನ್ನು ತಂದು ಮೇಜಿನ ಮೇಲಿಟ್ಟು ಹಿಂದೆ ಸರಿದು ನಿಂತಳು. ಸುಲೈಮಾನ್ ಒಂದು ಸುರುಳಿಯನ್ನು ಎತ್ತಿ, ತಿರುಗಿಸಿ ನೋಡಿ, ಮತ್ತೆ ತಟ್ಟೆಯಲ್ಲಿಟ್ಟರು. ತಂಗಿಯ ಕಡೆ ತಿರುಗಿ ತಮ್ಮ ಮನೆಮಾತಿನಲ್ಲಿ ಕೇಳಿದರು.

"ಎಲೆಯೊಳಗೆ ಎಂತ ಉಂಟು ಅಂತ ಹೊರಗಿಂದ ಕಾಣೂದಿಲ್ಲ ಹಾಜರ. ಎಲ್ಲಿಯ ಮಾಂಸ? ಯಾರು ಕೊಯ್ದದ್ದು? ನೀನು ನೋಡಿದ್ದೀಯಾ?"

ಖುಬೈಬ್ ಅಮ್ಮನ ಕಡೆ ತಿರುಗಿದ. ಭಾಷೆ ತಿಳಿಯದಿದ್ದರೂ ಯಾವ ಪ್ರಶ್ನೆ ಬಂತೆಂದು ರೊಹಿಮಾಳಿಗೆ ತಿಳಿಯಿತು. ಅವಳು ಎರಡೂ ಕೈಗಳನ್ನು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಳು. ಹಾಜರ ಅವಳನ್ನು ನೋಡಿದಳು, ಮಗನನ್ನು ನೋಡಿದಳು. ಕುಸೈಸಿನ ಕಸಾಯಿಖಾನೆ ಯಾವ ದಿಕ್ಕಿಗಿದೆ ಎಂದೂ ಅವಳಿಗೆ ಗೊತ್ತಿರಲಿಲ್ಲ. ತಟ್ಟೆಯಿಂದ ಒಂದು ಸುರುಳಿ ಎತ್ತಿ, ಮೂಗಿನ ಹತ್ತಿರ ಒಯ್ಯದೆ ನೇರ ಬಾಯಿಗಿಟ್ಟು, ಪೂರ್ತಿ ಅಗಿದು ನುಂಗಿದಳು.

"ನೋಡಿದ್ದೇನೆ ಅಣ್ಣ," ಎಂದಳು. "ನನ್ನ ಕಣ್ಣಾರೆ ನೋಡಿದ್ದೇನೆ. ತಿನ್ನಿ. ತಿಂದು ದಿನ ಗೊತ್ತು ಮಾಡಿ."

ಸುಲೈಮಾನರಿಗೆ ಅಷ್ಟು ಸಾಕಾಯಿತು. ಅವರು ತೋಳು ಮಡಚಿಕೊಂಡು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.